ಇದ್ದಿಲು ಬಸ್ಸು ಮತ್ತು ಕೊಟ್ಟಿಗೆಯ ಕೊಲೆ

ನನಗೆ ಒಳ್ಳೆಯ ಪುಸ್ತಕ ಓದಿದರೆ ನಿದ್ರೆ ಬರುತ್ತದೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನೀತಿ, ಭಕ್ತಿ, ಸಂಸಾರದ ಹೊಣೆ ಇವುಗಳ ಬಗ್ಗೆ ಬರೆದ ಪುಸ್ತಕಗಳನ್ನು ಗೌರವದಿಂದ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತೇನೆ, ಎರಡು ಪುಟ ಆಗುವಷ್ಟರಲ್ಲಿ ಗೊರಕೆ ಹೊಡೆಯುತ್ತೇನೆ. ನನ್ನ ನಿದ್ರೆ ಕೆಡಬೇಕಾದರೆ ಮೊದಲ ಅಧ್ಯಾಯದಲ್ಲೇ ಯಾರಾದರೂ ಸಾಯಬೇಕು, ಆ ಮನೆಯಲ್ಲಿ ಉಳಿದವರೆಲ್ಲ ಕಳ್ಳರ ಹಾಗೆ ಕಾಣಬೇಕು. ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ಭಾರತಮ್ಮನಿಗೆ ಈ ರುಚಿ ಶೋಭಿಸುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹೇಳಿ ಮುಗಿಸಿ, ಸುತ್ತ ನೋಡಿ, "ಸತ್ತಿದ್ದು ಯಾರೇ ಈ ಸಲ?" ಎಂದು ಕೇಳುತ್ತಿದ್ದರು.

ನನ್ನ ಮನೆ ಇದ್ದದ್ದು ಶ್ರೀನಿವಾಸಪುರದಲ್ಲಿ, ಕೆಲಸ ಇದ್ದದ್ದು ಮುಳಬಾಗಿಲಿನಲ್ಲಿ. ಎರಡಕ್ಕೂ ನಡುವೆ ಇದ್ದದ್ದು ನಮ್ಮ ಯಜಮಾನರು ಕೋದಂಡರಾಮಪ್ಪನವರ ಬಸ್ಸು. ಬಸ್ಸು ನಿಂತರೆ ನನ್ನ ಕೆಲಸವೂ ನಿಂತಂತೆ. ಜಟಕಾದಲ್ಲಿ ಹೋಗಿ ಬರುವುದಾದರೆ ನಾನು ಶಾಲೆ ಮುಟ್ಟುವ ಹೊತ್ತಿಗೆ ಮಕ್ಕಳು ಮನೆಗೆ ಹೊರಟಿರುತ್ತಾರೆ.

ಯುದ್ಧದ ಕಾಲ. ಸಾವಿರದ ಒಂಬೈನೂರ ನಲವತ್ತಮೂರು. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು ಎನ್ನುವುದಕ್ಕಿಂತ ಸಿಗುತ್ತಿರಲಿಲ್ಲ ಎನ್ನುವುದೇ ಸರಿ. ಯಜಮಾನರು ಎಲ್ಲರ ಹಾಗೆ ಬಸ್ಸಿನ ಹಿಂಭಾಗಕ್ಕೆ ಎತ್ತರದ ಕಬ್ಬಿಣದ ಡ್ರಮ್ಮು ಕಟ್ಟಿಸಿದರು. ಅದಕ್ಕೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಚ್ಚಿ, ಪಕ್ಕದ ಗಾಳಿಯಂತ್ರದ ಹಿಡಿಯನ್ನು ತಿರುಗಿಸುತ್ತಾ ಇದ್ದರೆ ಹೊಗೆ ಅನಿಲವಾಗಿ ಎಂಜಿನ್ನಿಗೆ ಹೋಗುತ್ತದೆ, ಬಸ್ಸು ಹೊರಡುತ್ತದೆ. ಖರ್ಚೇನೋ ಇಳಿಯಿತು. ಆದರೆ ಬೆಂಕಿ ಹದಕ್ಕೆ ಬರಲು ಒಂದು ಗಳಿಗೆ ಬೇಕು, ಒಂದೊಂದು ದಿನ ಎರಡು ಗಳಿಗೆ ಬೇಕು. ಅಷ್ಟರಲ್ಲಿ ಜನ ಬೇಸತ್ತು ಇಳಿದು ಎದುರಿಗೆ ನಿಂತ ಜಟಕಾ ಹತ್ತುತ್ತಿದ್ದರು. ಖಾಲಿ ಬಸ್ಸು ಹೊಗೆ ಬಿಡುತ್ತಾ ನಿಂತಿರುತ್ತಿತ್ತು.

ಮಾಲೂರಿನ ಅಕ್ಕಿ ಗಿರಣಿಯವರೊಬ್ಬರು ನಮ್ಮ ಬಸ್ಸಿನ ಎಂಜಿನ್ ಮೇಲೆ ಕಣ್ಣಿಟ್ಟಿದ್ದರು. ಅದನ್ನು ಬಿಚ್ಚಿಕೊಂಡು ಹೋಗಿ ಗಿರಣಿಗೆ ಕೂರಿಸುವುದು ಅವರ ಆಸೆ.

"ಈ ತಿಂಗಳು ಪೂರ್ತಿ ನೋಡ್ತೀನಿ ಕಣೇ," ಎಂದರು ಯಜಮಾನರು. "ಜನ ಕೂತ್ರೆ ಸರಿ. ಇಲ್ದಿದ್ರೆ ಕೊನೇ ಶನಿವಾರ ಅವರು ಮುಳಬಾಗಿಲಿಗೆ ಬರ್ತಾರೆ, ಎಂಜಿನ್ ಕೊಟ್ಟುಬಿಡ್ತೀನಿ. ನಿನ್ನ ಕೆಲಸದ ವಿಷಯ ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂದರೆ ಏನೆಂದು ಮದುವೆಯಾದ ಹೆಂಗಸರಿಗೆಲ್ಲ ಗೊತ್ತು. ನನಗೆ ಉರಿದುಹೋಯಿತು. ಜನರನ್ನು ಸೀಟಿನಲ್ಲಿ ಕೂರಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ.

ಮೊದಲ ದಿನ, ಉಪಾಧ್ಯಾಯಿನಿಯ ಮರ್ಯಾದೆಗೆ ತಕ್ಕಂತೆ, ಪತಿವ್ರತೆಯರ ಚರಿತ್ರೆ ಹಿಡಿದು ಬಸ್ಸಿನಲ್ಲಿ ಗಟ್ಟಿಯಾಗಿ ಓದಿದೆ. ಅವತ್ತು ಜಟಕಾದವರಿಗೆ ಒಳ್ಳೆಯ ವ್ಯಾಪಾರವಾಯಿತು. ದಿನವೂ ಹುಣಸೆಹಣ್ಣು, ಮಾವಿನಕಾಯಿ ಹೊತ್ತು ಬರುವ ಮುನಿಗಂಗಮ್ಮ ಇಳಿಯುವಾಗ ನನಗೆ ಬುದ್ಧಿ ಹೇಳಿದಳು. "ಏಮ್ಮಾ ಮೇಷ್ಟ್ರಮ್ಮ, ಇದನ್ನ ನಮ್ಮತ್ತೆ ಬೆಳಗಾಗೆದ್ರೆ ಹೇಳ್ತಾಳೆ. ಬಸ್ ಚಾರ್ಜ್ ಕೊಟ್ಟು ಬೇರೆ ಕೇಳ್ಬೇಕಾ?"

ಮರುದಿನ ನನ್ನ ಸ್ವಂತ ಪೆಟ್ಟಿಗೆಗೆ ಕೈಹಾಕಿದೆ. ಹೊಸದಾಗಿ ತಂದು ಇನ್ನೂ ಓದದೆ ಉಳಿದಿದ್ದ ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದು ಇತ್ತು. ಹಳೆ ಪುಸ್ತಕದ ಅಂಗಡಿಯ ಮಾಲು, ಹಿಂದೆ ಮುಂದೆ ರಟ್ಟಿಲ್ಲ, ಹೆಸರು ನನಗೂ ಗೊತ್ತಿಲ್ಲ. ಜಮೀನ್ದಾರನೊಬ್ಬ ತನ್ನ ದನದ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದಾನೆ. ಬಾಗಿಲಿಗೆ ಒಳಗಿನಿಂದ ಚಿಲಕ. ಕೈಯಲ್ಲಿದ್ದ ಉಯಿಲು ಮಾಯ. ಎರಡನೇ ಹೆಂಡತಿ, ಬಾಮೈದ, ಗುಮಾಸ್ತ, ಮೂವರೂ ಸುಳ್ಳು ಹೇಳುತ್ತಿದ್ದಾರೆ. ಅವತ್ತು ಒಬ್ಬರೂ ಇಳಿಯಲಿಲ್ಲ. ಬೆಂಕಿ ಹದಕ್ಕೆ ಬಂದು ಬಸ್ಸು ಹೊರಟಾಗ ಹಿಂದಿನ ಸೀಟಿನವರು, "ಇಷ್ಟು ಬೇಗ ಹೊತ್ಕೊಂತಾ?" ಎಂದು ಗೊಣಗಿದರು.

ವಾರ ಕಳೆಯುವುದರಲ್ಲಿ ಜಟಕಾ ಹತ್ತುವವರೂ ನಮ್ಮ ಬಸ್ಸು ಹತ್ತಿದರು. ಆದರೆ ನನಗೊಂದು ಕಟ್ಟಳೆ ಬಿತ್ತು. ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋಗುವಂತಿಲ್ಲ. "ನೀನು ಮುಂದೆ ಓದ್ಕೊಂಡ್ರೆ ನಿನ್ನ ಮುಖ ನೋಡಿದ್ರೇನೇ ನಮಗೆ ಗೊತ್ತಾಗ್ಬಿಡುತ್ತೆ," ಎಂದಳು ಮುನಿಗಂಗಮ್ಮ. ಎಲ್ಲರೂ ಹೌದೆಂದರು. ಓದಿದಲ್ಲಿಗೆ ಒಂದು ಕೆಂಪು ದಾರ ಇಟ್ಟು ಪುಸ್ತಕವನ್ನು ಬಸ್ಸಿನ ಸಾಮಾನಿನ ಪೆಟ್ಟಿಗೆಗೆ ಹಾಕಬೇಕು, ಬೀಗದ ಕೈ ವಲಿ ಸಾಬರ ಹತ್ತಿರ ಇರಬೇಕು.

ಹೈದರ್ ವಲಿ ಸಾಬರು ನಮ್ಮ ಬಸ್ಸಿನ ಬೆಂಕಿಯ ಯಜಮಾನರು. ಡ್ರಮ್ಮಿಗೆ ಇದ್ದಿಲು ತುಂಬುವುದು, ಹೊತ್ತಿಸುವುದು, ಹಿಡಿ ತಿರುಗಿಸುವುದು ಎಲ್ಲ ಅವರದೇ. ಉರ್ದು ಪತ್ರಿಕೆಯನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಗಾಳಿಯಂತ್ರದ ಗುರ್ರೋ ಸದ್ದಿನಲ್ಲಿ ನಮ್ಮ ಕೊಲೆಯ ಒಂದು ಮಾತೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಅವರಿಗಿದ್ದ ಚಿಂತೆ ಒಂದೇ, ಬೆಂಕಿ ಹಚ್ಚಲು ಕಾಗದ. ಸೀಮೆಎಣ್ಣೆ ಕೂಪನ್ನಿಗೆ ಹೋಗಿತ್ತು. ನಾನು ಶಾಲೆಯಿಂದ ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಂದುಕೊಡುತ್ತಿದ್ದೆ. ನಮ್ಮ ಹುಡುಗಿಯರ ಭೂಗೋಳ ಬರೀ ಹೊಗೆಯಾಡುತ್ತಿತ್ತು, ಗಣಿತ ಮಾತ್ರ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಅದರಲ್ಲಿ ಹೆಚ್ಚು ಬರೆದಿರುತ್ತಿರಲಿಲ್ಲ, ಕಾಗದ ಒಣಗಿಕೊಂಡಿರುತ್ತಿತ್ತು.

"ಇದೂ ಮುಗೀತಾ ಬಂತು ಅಮ್ಮಾ," ಎಂದು ಅವರು ಒಂದು ಸಂಜೆ ಹೇಳಿದಾಗ ನಾನು ಉದಾರಿಯಾದೆ. "ಕಾಗದ ತೀರಿದ ದಿನ ಈ ಕಾದಂಬರೀದೇ ಹರ್ಕೊಳ್ಳಿ ಸಾಬ್ರೇ. ಮೊದಲಿಂದ ದಾರದವರೆಗೂ ನಿಮ್ಮದು. ದಾರದಿಂದ ಆಚೆಗೆ ಮಾತ್ರ ಕೈ ಹಾಕ್ಬೇಡಿ." ಕೊಲೆಯ ಕಾದಂಬರಿ ಓದಿ ಆದ ಮೇಲೆ ರಸ ಹೀರಿದ ಕಬ್ಬಿನ ಸಿಪ್ಪೆ, ಅದರಿಂದ ಬಸ್ಸಾದರೂ ಓಡಲಿ ಎಂಬುದು ನನ್ನ ಲೆಕ್ಕಾಚಾರ.

ಇಷ್ಟರಲ್ಲಿ ಕೊಲೆ ನನ್ನ ತರಗತಿಗೂ ನುಗ್ಗಿತ್ತು. ಬಸ್ಸಿನಲ್ಲಿ ಕೇಳಿದ ತಾಯಂದಿರು ಮನೆಯಲ್ಲಿ ಹೇಳುತ್ತಿದ್ದರು, ಮನೆಯಲ್ಲಿ ಕೇಳಿದ ಹುಡುಗಿಯರು ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದರು. 'ನಮ್ಮ ಊರಿನ ಕೆರೆ' ಎಂದು ಪ್ರಬಂಧ ಕೊಟ್ಟರೆ ಕೆರೆಯಲ್ಲಿ ಉಯಿಲು ತೇಲುತ್ತಿತ್ತು. 'ನನ್ನ ಸೋದರಮಾವ' ಎಂದು ಕೊಟ್ಟರೆ ಮಾವ ಆ ರಾತ್ರಿ ಎಲ್ಲಿದ್ದರೆಂದು ಸಾಕ್ಷಿ ಸಮೇತ ಬರೆದಿದ್ದರು. ನಾನು ಕೆಂಪು ಪೆನ್ಸಿಲ್ ಸವೆಯುವ ತನಕ 'ವಿಷಯ ಬಿಟ್ಟು ಹೋಗಿದೆ' ಎಂದು ಬರೆದೆ. ಮನಸ್ಸಿನಲ್ಲಿ ಮಾತ್ರ ಇಷ್ಟು ಚೆನ್ನಾಗಿ ಇವರು ಹಿಂದೆಂದೂ ಬರೆದಿರಲಿಲ್ಲ ಎಂದುಕೊಂಡೆ.

ಕೊನೆಯ ಶನಿವಾರ ಬಂತು. ಕಾದಂಬರಿಯ ಕೊನೆಯ ಅಧ್ಯಾಯವೂ ಅವತ್ತಿಗೇ ಬಂದಿತ್ತು, ಹಾಗೆ ಬರುವಂತೆ ನಾನು ಅಳತೆ ನೋಡಿ ಓದಿದ್ದೆ. ಬಸ್ಸು ತುಂಬಿತ್ತು. ನಿಂತವರೂ ಇದ್ದರು. ಯಜಮಾನರು ಮಾತ್ರ ಮುಖ ಸಡಿಲಿಸಲಿಲ್ಲ. "ಇವತ್ತು ಕತೆ ಮುಗಿಯುತ್ತೆ. ಸೋಮವಾರ ಯಾರು ಬರ್ತಾರೆ?" ಎಂದು ಸ್ಟೀರಿಂಗಿಗೆ ಹೇಳಿಕೊಂಡರು.

ನಾನು ಹತ್ತಿ ನೋಡಿದರೆ ನನ್ನ ಪಕ್ಕದ ಸಾಲಿನಲ್ಲಿ ಸ್ಕೂಲು ಇನ್ಸ್‌ಪೆಕ್ಟರು ಅಶ್ವತ್ಥಪ್ಪನವರು ಕೂತಿದ್ದಾರೆ! ಹಿಂದಿನ ವರ್ಷ ನಮ್ಮ ಶಾಲೆಗೆ ಬಂದಾಗ ಒಬ್ಬ ಹುಡುಗಿಯ ಚೀಲದಲ್ಲಿದ್ದ ಪತ್ತೇದಾರಿ ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದು ವಿಷ," ಎಂದು ಹೇಳಿ ಕಿತ್ತುಕೊಂಡು ಹೋದವರು ಇವರೇ. ಇಂಥ ಪುಸ್ತಕ ಮುಟ್ಟುವ ಉಪಾಧ್ಯಾಯರನ್ನು ಕೆಲಸದಿಂದ ಬಿಡಿಸಬೇಕೆಂದು ಎಲ್ಲೆಡೆ ಹೇಳುತ್ತಿದ್ದರು. ಮೊದಲೆಲ್ಲ ಸ್ವಂತ ಮೋಟಾರಿನಲ್ಲಿ ಬರುತ್ತಿದ್ದರು. ಈಗ ಅದು ಕೋಲಾರದಲ್ಲಿ ನಾಲ್ಕು ಕಲ್ಲಿನ ಮೇಲೆ ನಿಂತು ಕೋಳಿಗಳಿಗೆ ಮನೆಯಾಗಿದೆ ಎಂದು ಅವರೇ ನಿಟ್ಟುಸಿರಿಟ್ಟರು.

"ಇವತ್ತು ನಿಮ್ಮ ಶಾಲೆಗೇ ಬರ್ತಿದ್ದೀನಿ, ಭಾರತಮ್ಮನವರೇ," ಎಂದರು.

"ಬಹಳ ಸಂತೋಷ ಸಾರ್," ಎಂದೆ.

ಮುನಿಗಂಗಮ್ಮ ಮುಂದಿನ ಸೀಟಿನಿಂದ ತಿರುಗಿದಳು. "ಮೇಷ್ಟ್ರಮ್ಮ, ಶುರು ಮಾಡು. ಇವತ್ತು ಸಾಯ್ಸಿದ್ದು ಯಾರು ಅಂತ ತಿಳ್ಕೊಳ್ಳದೆ ನಾನು ಇಳಿಯಲ್ಲ."

ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳಿಗೆ ಸನ್ನೆ ಹತ್ತಲಿಲ್ಲ. ಇನ್ಸ್‌ಪೆಕ್ಟರು ಹುಬ್ಬೇರಿಸಿ, "ಏನಮ್ಮ ವಿಷಯ?" ಎಂದು ಅವಳನ್ನೇ ಕೇಳಿದರು. ಅವಳು ಸಂಭ್ರಮದಿಂದ ಜಮೀನ್ದಾರ, ಕೊಟ್ಟಿಗೆ, ಚಿಲಕ, ಉಯಿಲು, ಬಾಮೈದ, ಗುಮಾಸ್ತ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವರು ನೆಟ್ಟಗೆ ಕೂತರು.

ಓದಿದರೆ ಇನ್ಸ್‌ಪೆಕ್ಟರಿಂದ ಕೆಲಸ ಹೋಗುತ್ತದೆ, ಓದದಿದ್ದರೆ ಬಸ್ಸಿನ ಜೊತೆ ಹೋಗುತ್ತದೆ. "ಇವತ್ತು ನೋಟ್‌ಪುಸ್ತಕ ತಿದ್ದೋದಿದೆ," ಎಂದು ತೊದಲಿದೆ. ಬಸ್ಸಿನೊಳಗೆ ಗುಜುಗುಜು ಎದ್ದಿತು. ಹಿಂದಿನಿಂದ ಇಬ್ಬರು ಗಂಟು ಎತ್ತಿಕೊಂಡು ಇಳಿದು ಜಟಕಾದ ಕಡೆ ನಡೆದರು. ಕನ್ನಡಿಯಲ್ಲಿ ಯಜಮಾನರ ಕಣ್ಣು ನನ್ನ ಮೇಲಿತ್ತು. ಅದರಲ್ಲಿ ಕೋಪವಿರಲಿಲ್ಲ, ಅಷ್ಟೇ ನೋಡು ಎಂಬ ಸೋಲು ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋದರೆ ಹೋಗಲಿ, ಓದಿಯೇ ಹೋಗಲಿ ಎಂದು ಹಿಂದಕ್ಕೆ ಹೋಗಿ ವಲಿ ಸಾಬರಿಂದ ಪುಸ್ತಕ ಇಸಕೊಂಡೆ. ಸೀಟಿಗೆ ಬಂದು ನೋಟ್‌ಪುಸ್ತಕಗಳ ಕಟ್ಟಿನ ಮರೆಯಲ್ಲಿಟ್ಟು ದಾರದ ಹತ್ತಿರ ಬಿಚ್ಚಿದೆ.

ದಾರ ಇತ್ತು. ಅದರಾಚೆ ಏನೂ ಇರಲಿಲ್ಲ.

ಮೊದಲ ಪುಟದಿಂದ ನಿನ್ನೆ ಓದಿದ ಪುಟದವರೆಗೆ ಎಲ್ಲವೂ ನೆಟ್ಟಗೆ ಇದೆ. ಕೊನೆಯ ಅಧ್ಯಾಯ ಮಾತ್ರ ಬುಡಸಮೇತ ಹರಿದುಹೋಗಿದೆ. ಕಿಟಕಿಯಿಂದ ತಲೆ ಹಾಕಿ, "ಸಾಬ್ರೇ, ಏನ್ ಮಾಡಿದ್ರಿ?" ಎಂದು ಕೂಗಿದೆ.

ವಲಿ ಸಾಬರು ಹಿಡಿ ನಿಲ್ಲಿಸಿ, ಮಸಿ ಮೆತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದರು. "ನೀವೇ ಹೇಳಿದ್ರಲ್ಲ ಅಮ್ಮಾ. ಇದ್ದಿಲು ಒದ್ದೆ, ಕಾಗದ ಖಾಲಿ. ಮೊದಲಿಂದ ದಾರದವರೆಗೂ ಹರಿದೆ." ಮೊದಲು ಯಾವುದೆಂದು ಅವರು ಬೆರಳಿಟ್ಟು ತೋರಿಸಿದರು. ಉರ್ದು ಪುಸ್ತಕ ಶುರುವಾಗುವ ಕಡೆಯಿಂದ, ಅಂದರೆ ನಮ್ಮ ಕೊನೆಯ ಪುಟದಿಂದ, ಶುರು ಮಾಡಿದ್ದರು. ರಟ್ಟೂ ಇಲ್ಲ, ಪಾಪ, ಅವರಿಗಾದರೂ ಹೇಗೆ ತಿಳಿಯಬೇಕು? "ಸ್ವಲ್ಪಾನೇ ಇತ್ತು. ತಿಂಗಳೆಲ್ಲ ಓದಿದ್ರೂ ಇಷ್ಟೇನಾ, ಅಮ್ಮ ಬಹಳ ನಿಧಾನ ಓದ್ತಾರೆ ಅಂದ್ಕೊಂಡೆ," ಎಂದರು, ನನಗೆ ಬೇಸರವಾಗದ ಹಾಗೆ ಮೆಲ್ಲಗೆ.

ಕೊಲೆಗಾರ ಯಾರೆಂಬುದು ಡ್ರಮ್ಮಿನೊಳಗೆ ಉರಿಯುತ್ತಿತ್ತು. ಕಿಟಕಿಯಿಂದ ತಲೆ ಒಳಗೆಳೆದುಕೊಂಡೆ. ತೊಡೆಯ ಮೇಲಿದ್ದ ನೋಟ್‌ಪುಸ್ತಕಗಳು ಜಾರಿ, ಮೇಲಿನದು ತೆರೆದುಕೊಂಡಿತು. ಮುನಿಗಂಗಮ್ಮನ ಮೊಮ್ಮಗಳು ಶಾಮಲಳ ಪ್ರಬಂಧ, ವಿಷಯ 'ಹಸು'. ಅದಕ್ಕೆ ನಾನೇ ಸೊನ್ನೆ ಹಾಕಿದ್ದೆ. ಹಸುವಿನ ಮೇಲಿನ ಪ್ರಬಂಧ ಓದಿದರೆ ಯಾವ ಇನ್ಸ್‌ಪೆಕ್ಟರು ತಾನೇ ತಪ್ಪೆಂದಾರು? ಗಂಟಲು ಸರಿಮಾಡಿಕೊಂಡು, "ಒಂದು ಮಗುವಿನ ಪ್ರಬಂಧ ಓದ್ತೀನಿ, ಎಲ್ಲರೂ ಗಮನ ಇಟ್ಟು ಕೇಳಿ," ಎಂದೆ. ಇನ್ಸ್‌ಪೆಕ್ಟರು ಮೆಚ್ಚುಗೆಯಿಂದ ತಲೆದೂಗಿದರು.

"'ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇವೆ. ಅದು ಹುಲ್ಲು, ಹಿಂಡಿ, ಬೂಸಾ ತಿನ್ನುತ್ತದೆ. ಹಸು ಸಾಧು ಪ್ರಾಣಿ ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.'"

ಗುಜುಗುಜು ನಿಂತಿತು. ಇಳಿಯಲು ಎದ್ದಿದ್ದ ಇನ್ನೊಬ್ಬರು ಕೂತರು.

"'ಪತ್ತೇದಾರರು ಗುಮಾಸ್ತನನ್ನು ಕೇಳಿದರು. ಎರಡನೇ ಹೆಂಡತಿಯನ್ನು ಕೇಳಿದರು. ಬಾಮೈದನನ್ನು ಕೇಳಿದರು. ಹಸುವನ್ನು ಕೇಳಲಿಲ್ಲ. ಕೊಟ್ಟಿಗೆಗೆ ಒಳಗಿನಿಂದ ಚಿಲಕ ಇತ್ತು. ಒಳಗೆ ಜಮೀನ್ದಾರರು ಮತ್ತು ಹಸು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಜಮೀನ್ದಾರರು ಉಯಿಲನ್ನು ಹುಲ್ಲಿನ ಕೆಳಗೆ ಬಚ್ಚಿಡಲು ಬಗ್ಗಿದರು. ಹೊಸದಾಗಿ ಕರು ಹಾಕಿದ ಹಸುವಿನ ಹಿಂದೆ ಬಗ್ಗಬಾರದು ಎಂದು ನಮ್ಮ ಅಜ್ಜಿ ಹೇಳುತ್ತಾರೆ. ಹಸು ಒದ್ದಿತು. ಆಮೇಲೆ ಹುಲ್ಲಿನ ಜೊತೆಗೆ ಉಯಿಲನ್ನೂ ತಿಂದಿತು. ಆದ್ದರಿಂದ ಆಸ್ತಿ ಎಲ್ಲರಿಗೂ ಸಮನಾಗಿ ಹೋಯಿತು. ಹಸುವಿನಿಂದ ನಮಗೆ ಹಾಲು, ಮೊಸರು, ತುಪ್ಪ ಸಹ ಸಿಗುತ್ತವೆ.'"

ಆ ಬಸ್ಸಿನಲ್ಲಿ ಹಸುವಿನಿಂದ ಒದೆಸಿಕೊಳ್ಳದವರು ಒಬ್ಬರೂ ಇರಲಿಲ್ಲ.

"ಅಯ್ಯೋ ದೇವುಡಾ, ಹೌದಲ್ಲಾ!" ಎಂದು ಮುನಿಗಂಗಮ್ಮ ತೊಡೆ ತಟ್ಟಿದಳು. "ನನ್ನ ಮೊಮ್ಮಗಳು ಕಣಮ್ಮಾ ಅದು!"

"ತಪ್ಪು!"

ಎಲ್ಲರೂ ತಿರುಗಿದೆವು. ಇನ್ಸ್‌ಪೆಕ್ಟರು ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. "ಶುದ್ಧ ತಪ್ಪು! ಕೊಂದದ್ದು ಗುಮಾಸ್ತ. ಹೆಂಚು ಸರಿಸಿ ಹಗ್ಗ ಹಿಡಿದು ಇಳಿದ, ಉಯಿಲು ತಗೊಂಡು ಅದೇ ದಾರೀಲಿ ಹತ್ತಿ ಹೋದ. ಕೊನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಇದೆ."

ಹೊರಗೆ ವಲಿ ಸಾಬರ ಯಂತ್ರವೊಂದೇ ಗುರುಗುಟ್ಟುತ್ತಿತ್ತು.

"ಸಾರ್," ಎಂದೆ ನಾನು, ಆದಷ್ಟು ವಿನಯದಿಂದ, "ತಾವು ಅದನ್ನ ಓದಿದ್ದೀರಾ?"

ಅವರು ಕೂತುಕೊಂಡರು. "ಯಾರೋ ಹೇಳಿದ್ದು ಕೇಳಿದ್ದೆ," ಎಂದರು ಕಿಟಕಿಯ ಕಡೆಗೆ.

ಆದರೆ ಮುನಿಗಂಗಮ್ಮ ಬಿಡುವ ಆಸಾಮಿಯಲ್ಲ. ಹೆಂಚು ಸರಿಸಿದರೆ ಹಸು ಬೆದರಿ ಅರಚುವುದಿಲ್ಲವೇ, ಅರಚಿದರೆ ಮನೆಯವರು ಏಳುವುದಿಲ್ಲವೇ, ಸ್ವಾಮಿಗಳು ಎಂದಾದರೂ ಹಾಲು ಕರೆದಿದ್ದಾರೆಯೇ? ಇನ್ಸ್‌ಪೆಕ್ಟರು ತಡೆಯಲಾರದೆ ಉತ್ತರ ಕೊಟ್ಟರು. ಉತ್ತರಕ್ಕೆ ಹಿಂದಿನ ಸೀಟು ಪ್ರತ್ಯುತ್ತರ ಕೊಟ್ಟಿತು. ಬಸ್ಸು ಹೊರಟದ್ದೂ ತಿಳಿಯದೆ ಹಸುವಿನ ಕಡೆಯವರು, ಗುಮಾಸ್ತನ ಕಡೆಯವರು ಎಂದು ಎರಡು ಪಂಗಡಗಳಾದವು. ಕುರುಡುಮಲೆಯ ತಿರುವಿನ ಹತ್ತಿರ ಏರಿನಲ್ಲಿ ಎಂಜಿನ್ ಎಂದಿನಂತೆ ಏದುಸಿರು ಬಿಟ್ಟಾಗ ಗಂಡಸರೆಲ್ಲ ಇಳಿದು ನೂಕಿದರು. ಇನ್ಸ್‌ಪೆಕ್ಟರೂ ಕೋಟು ತೆಗೆದು ನೂಕಿದರು, ಪಕ್ಕದಲ್ಲಿ ನೂಕುತ್ತಿದ್ದವನೊಂದಿಗೆ ಅವರ ವಾದ ಇನ್ನೂ ಮುಗಿದಿರಲಿಲ್ಲ. ತಿಂಗಳಿಡೀ ಕತೆಯ ಬಗ್ಗೆ ತುಟಿ ಬಿಚ್ಚದ ಯಜಮಾನರು ಸ್ಟೀರಿಂಗ್ ಮೇಲಿಂದ, "ಹಸೂನೇ. ನಮ್ಮ ಗೌರಿ ಒದ್ದಿದ್ದು ಮರೆತ್ಯಾ?" ಎಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಶಾಲೆಯಲ್ಲಿ ಇನ್ಸ್‌ಪೆಕ್ಟರು ಎಂದಿನ ಗತ್ತಿಗೆ ಮರಳಿದ್ದರು. ನನ್ನ ತರಗತಿಗೆ ಬಂದು ಶಾಮಲಳನ್ನೇ ಎಬ್ಬಿಸಿದರು.

"ಹಸುವಿನಿಂದ ಉಪಯೋಗಗಳೇನು?"

"ಹಾಲು, ಮೊಸರು, ಬೆಣ್ಣೆ, ತುಪ್ಪ, ಗೊಬ್ಬರ, ಸಾರ್." ಹುಡುಗಿ ನನ್ನ ಮುಖ ನೋಡಿದಳು. ಬೇಡ ಎಂದು ತಲೆಯಾಡಿಸಿದೆ, ಮುಂದೆ ಹೇಳು ಎಂದು ಅರ್ಥ ಮಾಡಿಕೊಂಡಳು. "ಮತ್ತೆ ಆಸ್ತಿ ಪಾಲು, ಸಾರ್."

ಇನ್ಸ್‌ಪೆಕ್ಟರಿಗೆ ಕೆಮ್ಮು ಹತ್ತಿತು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದವರು ಬಹಳ ಹೊತ್ತು ವರಾಂಡದಲ್ಲೇ ಕೆಮ್ಮಿದರು. ನನಗೆ ಏನೂ ಹೇಳದೆ ಪಕ್ಕದ ತರಗತಿಗೆ ನಡೆದರು. ಆ ಮೌನಕ್ಕೆ ನಾನು ಮಧ್ಯಾಹ್ನವೆಲ್ಲ ಹೆದರಿದೆ.

ಸಂಜೆ ಬಸ್ಸಿನ ಹತ್ತಿರ ಹೋದರೆ ಜಾತ್ರೆಯಷ್ಟು ಜನ. ಬೆಳಗ್ಗೆ ಬಂದವರು ತಮ್ಮ ತಮ್ಮ ಕಡೆಗೆ ಸಾಕ್ಷಿಗಳನ್ನು ಕರೆತಂದಿದ್ದರು. ಒಬ್ಬರಂತೂ ಹೆಂಚು ಹೊದಿಸುವವನನ್ನೇ ಹಿಡಿದು ತಂದಿದ್ದರು. ಅವರ ನಡುವೆ ಮಾಲೂರಿನ ಗಿರಣಿಯವರು ಬಾನೆಟ್ಟಿನ ಪಕ್ಕ ನಿಂತು ಎಂಜಿನ್ನನ್ನು ಹೆಣ್ಣು ನೋಡಲು ಬಂದವರ ಹಾಗೆ ನೋಡುತ್ತಿದ್ದರು. ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದರು. ಇಷ್ಟು ಜನರಿಗೆ ಓದಲು ಕೈಯಲ್ಲಿ ಪುಸ್ತಕವಿಲ್ಲ, ಡ್ರಮ್ಮಿಗೆ ಹಚ್ಚಲು ಕಾಗದವೂ ಇಲ್ಲ. ಉಳಿದಿದ್ದ ಅಧ್ಯಾಯಗಳನ್ನು ಮುನಿಗಂಗಮ್ಮ ಸಾಕ್ಷಿಗೆ ಬೇಕೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಇನ್ಸ್‌ಪೆಕ್ಟರು ಬಂದರು. ಅತ್ತ ಇತ್ತ ನೋಡಿ, ಚೀಲದಿಂದ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕವೊಂದನ್ನು ತೆಗೆದು ನನ್ನ ಕೈಗಿಟ್ಟರು. ಬಿಚ್ಚಿದರೆ ಹಿಂದಿನ ವರ್ಷ ನನ್ನ ವಿದ್ಯಾರ್ಥಿನಿಯಿಂದ ಕಿತ್ತುಕೊಂಡು ಹೋದ ಅದೇ ವಿಷ, ಕೊಟ್ಟಿಗೆಯದಲ್ಲ, ಬೇರೆ ಕೊಲೆ. ನಡುವೆ ಒಂದು ಬಸ್ಸಿನ ಟಿಕೆಟ್ ಗುರುತಿಗೆ ಇತ್ತು.

"ಸೋಮವಾರ ನನಗೆ ಶ್ರೀನಿವಾಸಪುರದಿಂದ ಮತ್ತೆ ಈ ಕಡೆಗೇ ಕೆಲಸ," ಎಂದರು. "ಮೊದಲಿಂದ ಓದಿ. ಪರವಾಗಿಲ್ಲ."

ವಲಿ ಸಾಬರು ಪುಸ್ತಕ ನೋಡಿದ್ದೇ ಆಸೆಯಿಂದ ಹತ್ತಿರ ಬಂದರು. ಇನ್ಸ್‌ಪೆಕ್ಟರು ಅಡ್ಡ ಬಂದು ಪುಸ್ತಕವನ್ನು ಎದೆಗವಚಿಕೊಂಡರು. "ಬೇಡಪ್ಪಾ, ಇದಕ್ಕೆ ಕೈ ಹಾಕ್ಬೇಡ! ನಾನೇ ಇನ್ನೂ ಮುಗಿಸಿಲ್ಲ." ಆಮೇಲೆ ಪುಸ್ತಕವನ್ನು ಮತ್ತೆ ನನ್ನ ಕೈಗೆ ಕೊಟ್ಟು, ಚೀಲದ ತಳಕ್ಕೆ ಕೈಹಾಕಿ, ಶಾಲೆ ಶಾಲೆಗೂ ಹಂಚಲು ತಂದಿದ್ದ ಅಚ್ಚಾದ ಸುತ್ತೋಲೆಗಳ ಕಟ್ಟೊಂದನ್ನು ಎಳೆದು ಕೊಟ್ಟರು. ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ, ಶಾಲೆಯ ಆವರಣದಲ್ಲಿ ಪತ್ತೇದಾರಿ ಪುಸ್ತಕಗಳನ್ನು ನಿಷೇಧಿಸುವ ಬಗ್ಗೆ ಎಂದಿತ್ತು.

ಒಮ್ಮೆ ಪೆಟ್ಟು ತಿಂದಿದ್ದ ವಲಿ ಸಾಬರು ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾವ ಕಡೆಯಿಂದ ಹರೀಲಿ ಸ್ವಾಮಿ?"

"ಎರಡೂ ಕಡೆಯಿಂದ," ಎಂದರು ಇನ್ಸ್‌ಪೆಕ್ಟರು.

ಸುತ್ತೋಲೆ ಗಣಿತಕ್ಕಿಂತ ಚೆನ್ನಾಗಿ ಉರಿಯಿತು. ನಾನು ಮೊದಲ ಅಧ್ಯಾಯ ಶುರು ಮಾಡಿ ಯಾರಾದರೂ ಸಾಯುವ ಮೊದಲೇ ಎಂಜಿನ್ ಗುಡುಗಿತು. ಗಿರಣಿಯವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಹಾಗಾದ್ರೆ ಕೋದಂಡರಾಮಪ್ಪನವರೇ, ಬಿಚ್ಚಿಸೋದು ಯಾವತ್ತು?" ಎಂದರು.

"ಬಿಸಿ ಇದೆ, ಕೈ ತೆಗೀರಿ," ಎಂದರು ಯಜಮಾನರು. ತಮ್ಮ ಸೀಟಿಗೆ ಹತ್ತಿ ಕೂತು, ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. "ನೀನು ಓದೇ. ಇನ್ನೊಂದೆರಡು ಪುಟ ಆಗ್ಲಿ, ಆಮೇಲೆ ಹೊರಡ್ತೀನಿ."